ಎರಡೂವರೆ ತಿಂಗಳ ಮರಿಗಳಲ್ಲಿ ಹುಂಜ ಯಾವುದು, ಹೇಂಟೆ ಯಾವುದು?

ಪ್ರಶ್ನೆ: ನಾವು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವರು. ಮನೆಯ ಹಿತ್ತಲಿನಲ್ಲಿ ಮೊಟ್ಟೆಗೆಂದು ಕೋಳಿ ಸಾಕಲು ಆರಂಭಿಸಿದ್ದೇವೆ. ಈಗ ಹದಿನಾಲ್ಕು ಮರಿಗಳಿವೆ. ಆರು ಗಿರಿರಾಜ, ಐದು ನಮ್ಮದೇ ನಾಟಿ ಕೋಳಿಯನ್ನು ಕಾವಿಗೆ ಕೂರಿಸಿ ಪಡೆದವು, ಮೂರು ಸಂತೆಯಲ್ಲಿ ಮಕ್ಕಳು ಹಟ ಹಿಡಿದಿದ್ದಕ್ಕೆ ಕೊಂಡ ಗುಲಾಬಿ ಮತ್ತು ಹಸಿರು ಬಣ್ಣ ಬಳಿದ ಮರಿಗಳು. ಎಲ್ಲಕ್ಕೂ ಸುಮಾರು ಹತ್ತು ವಾರ ವಯಸ್ಸು. ಪಕ್ಕದ ಮನೆಯವರು ಜುಟ್ಟು ನೋಡಿ ಒಂಬತ್ತು ಹುಂಜಗಳಿವೆ, ಹೊಸತೊಡಕಿನ ಹೊತ್ತಿಗೆ ಮಾರಿಬಿಡಿ ಎನ್ನುತ್ತಿದ್ದಾರೆ. ಮಾರಿದ ಮೇಲೆ ಅವು ಹೇಂಟೆಗಳಾಗಿದ್ದವೆಂದು ತಿಳಿದರೆ ನಷ್ಟ. ಖಚಿತವಾಗಿ ಗುರುತಿಸುವುದು ಹೇಗೆ?

ಉತ್ತರ: ಜುಟ್ಟನ್ನು ನೋಡಿ ಹೇಳುವುದು ತಪ್ಪಲ್ಲ. ಹದಿನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಜುಟ್ಟು ಅಳೆದದ್ದು ಮಾತ್ರ ತಪ್ಪು. ನಿಮ್ಮಲ್ಲಿರುವುದು ಮೂರು ಬೇರೆ ಬೇರೆ ಮೂಲದ ಮರಿಗಳು, ಅವುಗಳ ಬೆಳವಣಿಗೆಯ ವೇಗವೂ ಬೇರೆ ಬೇರೆ. ಬೇಗ ಬೆಳೆಯುವ ಗಿರಿರಾಜದ ಹೇಂಟೆ ಹತ್ತು ವಾರಕ್ಕೆ ತೋರುವ ಜುಟ್ಟು ಅದೇ ವಯಸ್ಸಿನ ನಾಟಿ ಹುಂಜದ ಜುಟ್ಟಿಗಿಂತ ದೊಡ್ಡದಾಗಿರುವುದು ಅಸಹಜವೇನಲ್ಲ. ಆದ್ದರಿಂದ ಮೊದಲು ಮೂರು ಗುಂಪು ಮಾಡಿ, ಪ್ರತಿ ಮರಿಯನ್ನು ಅದರ ಒಡಹುಟ್ಟುಗಳೊಂದಿಗೆ ಮಾತ್ರ ಹೋಲಿಸಿ ನೋಡಿ. ಆಗ ಒಂಬತ್ತು ಎಂಬ ಲೆಕ್ಕ ಹಾಗೇ ಉಳಿಯುತ್ತದೆಂದು ನನಗೆ ತೋರುವುದಿಲ್ಲ.

ಸಂತೆಯ ಮೂರು ಮರಿಗಳ ವಿಷಯದಲ್ಲಿ ಕೋಳಿಯನ್ನು ನೋಡುವ ಮೊದಲೇ ಅದು ಬಂದ ದಾರಿ ಅರ್ಧ ಉತ್ತರ ಹೇಳಿಬಿಡುತ್ತದೆ. ಬಣ್ಣ ಬಳಿದು ಬುಟ್ಟಿಯಲ್ಲಿಟ್ಟು ಅಗ್ಗಕ್ಕೆ ಮಾರುವ ಮರಿಗಳು ಬಹುಪಾಲು ಮೊಟ್ಟೆ ತಳಿಯ ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಬೇರ್ಪಡಿಸಿದ ಗಂಡುಗಳು. ಅವು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್‌ನಂತೆ ಮೈಯನ್ನೂ ತುಂಬಿಕೊಳ್ಳುವುದಿಲ್ಲ, ಹಾಗಾಗಿ ಹ್ಯಾಚರಿಗೆ ಅವು ಹೊರೆ. ಜಗತ್ತಿನ ಅನೇಕ ಕಡೆ ಇಂಥ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರ ಜನವರಿಯಿಂದ ಇದನ್ನು ಕಾನೂನಿನಿಂದ ನಿಷೇಧಿಸಿತು. ನಮ್ಮಲ್ಲಿ ಅವುಗಳಲ್ಲಿ ಒಂದಷ್ಟು ಗುಲಾಬಿ ಬಣ್ಣ ಹೊತ್ತು ಸಂತೆಗೆ ಬರುತ್ತವೆ. ನಿಮ್ಮ ಮೂರೂ ಈಗ ಬಣ್ಣ ಉದುರಿ ಬಿಳಿಯಾಗಿ, ತೆಳ್ಳಗೆ, ಕಾಲುದ್ದವಾಗಿ, ಜುಟ್ಟು ನೆಟ್ಟಗೆ ಕೆಂಪಾಗಿ ನಿಂತಿದ್ದರೆ ಅವು ಹುಂಜಗಳೆಂದೇ ಲೆಕ್ಕ ಹಾಕಿ. ಬೇರ್ಪಡಿಸುವಾಗ ಕೈತಪ್ಪಿ ಬಂದ ಹೆಣ್ಣುಮರಿ ಅಪರೂಪಕ್ಕೆ ಇರುತ್ತದೆ, ಆದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಹ್ಯಾಚರಿಯವರಿಗೆ ಒಂದೇ ದಿನದ ಮರಿಯಲ್ಲಿ ತಿಳಿಯುವುದಾದರೆ ನಮಗೇಕೆ ತಿಳಿಯುವುದಿಲ್ಲ ಎಂದು ನೀವು ಕೇಳಬಹುದು. ಅವರ ಹಳೆಯ ವಿಧಾನ ಜಪಾನಿನಿಂದ ಬಂದದ್ದು. ಮಸುಯಿ ಮತ್ತು ಹಷಿಮೊಟೊ ಮುಂತಾದ ಪಶುವೈದ್ಯ ವಿಜ್ಞಾನಿಗಳು 1920ರ ದಶಕದಲ್ಲಿ ಮರಿಯ ಗುದದ್ವಾರವನ್ನು ಮೆಲ್ಲಗೆ ಹೊರಚಾಚಿ, ಒಳಗಿನ ಸಾಸಿವೆಗಿಂತ ಚಿಕ್ಕದಾದ ಒಂದು ಉಬ್ಬಿನ ಆಕಾರದಿಂದ ಲಿಂಗ ಗುರುತಿಸಬಹುದೆಂದು ತೋರಿಸಿದರು. ಕೈ ಪಳಗಿದವರು ಗಂಟೆಗೆ ಸಾವಿರದಷ್ಟು ಮರಿಗಳನ್ನು ವಿಂಗಡಿಸಬಲ್ಲರು, ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಸರಿಯಾಗಿರುತ್ತದೆ. ಆದರೆ ಇದನ್ನು ಮೊಟ್ಟೆಯೊಡೆದ ಮೊದಲ ದಿನದೊಳಗೇ ಮಾಡಬೇಕು. ಆ ಉಬ್ಬು ಕೆಲವು ಹೇಂಟೆ ಮರಿಗಳಲ್ಲೂ ಇರುವುದರಿಂದ ತಿಂಗಳುಗಟ್ಟಲೆ ಅಭ್ಯಾಸ ಮಾಡದೆ ಇದು ಒಲಿಯುವುದಿಲ್ಲ. ಅಭ್ಯಾಸವಿಲ್ಲದ ಕೈ ಹಿಂಡಿದರೆ ಹೊಟ್ಟೆಯಲ್ಲಿ ಇನ್ನೂ ಉಳಿದಿರುವ ಭಂಡಾರದ, ಅಂದರೆ ಮೊಟ್ಟೆಯ ಹಳದಿ ಲೋಳೆಯ, ಚೀಲ ಒಡೆದು ಮರಿ ಸಾಯುತ್ತದೆ. ಮನೆಯಲ್ಲಿ ದಯವಿಟ್ಟು ಪ್ರಯತ್ನಿಸಬೇಡಿ.

ಹ್ಯಾಚರಿಗಳ ಇನ್ನೆರಡು ವಿಧಾನಗಳು ತಳಿ ಕೂಡಿಸುವಾಗಲೇ ಮಾಡಿಕೊಂಡ ಏರ್ಪಾಡುಗಳು. ಬೇಗ ಗರಿ ಮೂಡುವ ಹುಂಜವನ್ನು ತಡವಾಗಿ ಗರಿ ಮೂಡುವ ಹೇಂಟೆಯೊಂದಿಗೆ ಕೂಡಿಸಿದರೆ ಹುಟ್ಟುವ ಗಂಡುಮರಿಗಳೆಲ್ಲ ತಾಯಿಯಂತೆ ತಡ, ಹೆಣ್ಣುಮರಿಗಳೆಲ್ಲ ತಂದೆಯಂತೆ ಬೇಗ. ಒಂದು ದಿನದ ಮರಿಯ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿದರೆ ಹೆಣ್ಣಿನಲ್ಲಿ ಕೆಳಸಾಲಿನ ಗರಿ ಮೇಲ್ಸಾಲಿಗಿಂತ ಉದ್ದವಾಗಿ ಕಾಣುತ್ತದೆ. ಹಾಗೆಯೇ ಕಂದು ಹುಂಜ ಮತ್ತು ಬಿಳಿಯ ಗುಣವುಳ್ಳ ಹೇಂಟೆಯ ನಿರ್ದಿಷ್ಟ ಕೂಡಿಕೆಯಲ್ಲಿ ಗಂಡುಮರಿ ತಿಳಿಬಣ್ಣದ್ದು, ಹೆಣ್ಣುಮರಿ ಕಂದು. ಮರಿಯ ರೆಕ್ಕೆ ನೋಡಿ ಹೇಳುವ ವಿದ್ಯೆಯನ್ನು ಮೊಬೈಲಿನ ವಿಡಿಯೊಗಳಲ್ಲಿ ಎಲ್ಲ ಕೋಳಿಗೂ ಒಪ್ಪುತ್ತದೆಂಬಂತೆ ತೋರಿಸುತ್ತಾರೆ, ಅದು ಸರಿಯಲ್ಲ. ತಂದೆ ತಾಯಿಯರನ್ನು ಆ ಉದ್ದೇಶಕ್ಕೇ ಆರಿಸಿ ಕೂಡಿಸಿದ ಮರಿಗಳಲ್ಲಿ, ಅದೂ ಆ ಒಂದು ತಲೆಮಾರಿಗೆ ಮಾತ್ರ, ಅದು ನಿಜ. ತಂದೆ ಯಾರೆಂದೇ ತಿಳಿಯದ ನಾಟಿ ಮರಿಯ ರೆಕ್ಕೆಯಲ್ಲಿ ಓದಲು ಏನೂ ಇಲ್ಲ.

ಮೊಟ್ಟೆಯ ಆಕಾರದ ವಿಷಯವನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಎನ್ನುವವರೂ ಇದ್ದಾರೆ, ಅದಕ್ಕೆ ತಿರುಗುಮುರುಗಾಗಿ ಹೇಳುವವರೂ ಇದ್ದಾರೆ. ಎರಡೂ ಸುಳ್ಳು. ದಾರಕ್ಕೆ ಉಂಗುರ ಕಟ್ಟಿ ಮೊಟ್ಟೆಯ ಮೇಲೆ ತೂಗಿಸುವುದೂ, ಮರಿಯ ಕಾಲು ಹಿಡಿದು ತಲೆಕೆಳಗಾಗಿಸುವುದೂ ಅದೇ ಸಾಲಿನವು. ಕೋಳಿಯಲ್ಲಿ ಲಿಂಗ ನಿರ್ಧಾರವಾಗುವುದು ತಾಯಿಯಿಂದ. ಹೇಂಟೆಯ ಅಂಡಕ್ಕೆ ಝಡ್ ವರ್ಣತಂತು ಸೇರಿದರೆ ಗಂಡು, ಡಬ್ಲ್ಯು ಸೇರಿದರೆ ಹೆಣ್ಣು. ಚಿಪ್ಪು ಕಟ್ಟುವ ಮೊದಲೇ ಆ ತೀರ್ಮಾನ ಆಗಿಹೋಗಿರುತ್ತದೆ, ಕಾವಿನ ಬಿಸಿಯಿಂದಲೂ ಅದು ಬದಲಾಗುವುದಿಲ್ಲ. ಎರಡಕ್ಕೂ ಅವಕಾಶ ಸಮಸಮ. ಸಮಸಮ ಎಂದಾಕ್ಷಣ ಹತ್ತರಲ್ಲಿ ಐದೈದು ಬರಬೇಕೆಂದಿಲ್ಲ. ಲೆಕ್ಕ ಹಾಕಿದರೆ ಹತ್ತು ಮರಿಗಳ ಕಾವುಗಳಲ್ಲಿ ಸರಿಯಾಗಿ ಐದೈದು ಬರುವುದು ನಾಲ್ಕಕ್ಕೆ ಒಂದು ಸಲ ಮಾತ್ರ, ಏಳು ಅಥವಾ ಅದಕ್ಕಿಂತ ಹೆಚ್ಚು ಹುಂಜಗಳೇ ಬರುವುದು ನೂರಕ್ಕೆ ಸುಮಾರು ಹದಿನೇಳು ಸಲ. ನಿಮ್ಮ ಐದು ನಾಟಿ ಮರಿಗಳಲ್ಲಿ ನಾಲ್ಕು ಹುಂಜಗಳಾಗಿದ್ದರೂ ಅದಕ್ಕೆ ಕೋಳಿಯನ್ನಾಗಲಿ ಕಾವಿಗೆ ಕೂರಿಸಿದ ಗಳಿಗೆಯನ್ನಾಗಲಿ ದೂರಬೇಕಾಗಿಲ್ಲ.

ಇನ್ನು ಜುಟ್ಟಿನ ವಿಷಯ. ಜುಟ್ಟೂ ಗಲ್ಲದಡಿಯ ಜೋಲೂ ಗಂಡು ಹಾರ್ಮೋನಿಗೆ ಸ್ಪಂದಿಸಿ ಬೆಳೆಯುವ ಅಂಗಗಳು. ಜರ್ಮನಿಯ ಗಟಿಂಗೆನ್‌ನಲ್ಲಿ ಬರ್ಟೋಲ್ಡ್ ಎಂಬ ವಿಜ್ಞಾನಿ 1849ರಲ್ಲಿ ಎಳೆ ಹುಂಜಗಳ ಬೀಜ ತೆಗೆದು, ಕೆಲವಕ್ಕೆ ಅದನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಕಸಿ ಮಾಡಿ ಹೋಲಿಸಿ ನೋಡಿದ. ಬೀಜ ಕಳೆದುಕೊಂಡವುಗಳ ಜುಟ್ಟು ಬೆಳೆಯದೆ ಬಿಳಿಚಿಕೊಂಡಿತು, ಕೂಗು ಕಾಳಗ ಎರಡೂ ಇಲ್ಲವಾದವು. ಕಸಿ ಮಾಡಿಸಿಕೊಂಡವು ಎಂದಿನ ಹುಂಜಗಳಾಗಿಯೇ ಬೆಳೆದವು. ಹಾರ್ಮೋನುಗಳ ವಿಜ್ಞಾನ ಶುರುವಾದದ್ದೇ ಈ ಜುಟ್ಟಿನಿಂದ ಎನ್ನಬಹುದು. ಹೀಗಾಗಿ ನಾಲ್ಕರಿಂದ ಎಂಟು ವಾರದೊಳಗೆ, ಒಂದೇ ತಳಿಯ ಒಂದೇ ದಿನದ ಮರಿಗಳಲ್ಲಿ, ಯಾವುದರ ಜುಟ್ಟು ದಪ್ಪವಾಗಿ ಕೆಂಪೇರುತ್ತದೆಯೋ ಅದು ಹುಂಜವೆಂದು ಊಹಿಸುವುದು ನ್ಯಾಯವೇ. ಅದೇ ವಯಸ್ಸಿನ ಹೇಂಟೆಯಲ್ಲಿ ಜುಟ್ಟು ತೆಳುವಾಗಿ, ಹಳದಿ ಮಿಶ್ರಿತ ತಿಳಿ ಗುಲಾಬಿಯಾಗಿ ಉಳಿದಿರುತ್ತದೆ.

ಆದರೆ ಹೇಂಟೆಯ ಅಂಡಾಶಯವೂ ಸ್ವಲ್ಪ ಮಟ್ಟಿಗೆ ಗಂಡು ಹಾರ್ಮೋನನ್ನು ಸ್ರವಿಸುತ್ತದೆ, ಮತ್ತು ಮೊದಲ ಮೊಟ್ಟೆ ಹತ್ತಿರವಾದಂತೆ ಅದು ಏರುತ್ತದೆ. ಆಗ ಹೇಂಟೆಯ ಜುಟ್ಟೂ ಹಠಾತ್ತನೆ ಹಿಗ್ಗಿ ಕೆಂಡದಂತಾಗುತ್ತದೆ. ನಾನೇ ಇದರಲ್ಲಿ ಮೋಸ ಹೋಗಿದ್ದೇನೆ. ವೃತ್ತಿಗೆ ಬಂದ ಹೊಸತರಲ್ಲಿ ಪರಿಚಯದವರೊಬ್ಬರು ಐದು ತಿಂಗಳ ಒಂದು ಕೋಳಿಯನ್ನು ತೋರಿಸಿ, ಇದು ಕೂಗುವುದೂ ಇಲ್ಲ, ಮೊಟ್ಟೆ ಇಡುವುದೂ ಇಲ್ಲ, ಏನಿದು ಎಂದು ಕೇಳಿದರು. ಕೆಂಪು ಜುಟ್ಟು, ದಪ್ಪ ಕಾಲು, ನೆಟ್ಟಗಿನ ನಿಲುವು ಕಂಡು ಹುಂಜವೇ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಆ ಭಾನುವಾರ ಅದನ್ನು ಕೊಯ್ದಾಗ ಬೆನ್ನೆಲುಬಿಗೆ ಅಂಟಿಕೊಂಡು ಸಾಸಿವೆ ಕಾಳಿನಿಂದ ಹಿಡಿದು ನಿಂಬೆಯ ಗಾತ್ರದವರೆಗೆ ಹಳದಿ ಭಂಡಾರಗಳ ಗೊಂಚಲು ಕಂಡಿತು, ನಾಳೆಯೋ ನಾಳಿದ್ದೋ ಮೊದಲ ಮೊಟ್ಟೆ ಇಡುವುದಿತ್ತು. ಆ ಮನೆಯ ಯಜಮಾನಿ ನನಗೆ ಏನೂ ಅನ್ನಲಿಲ್ಲ, ಸಾರು ಮಾತ್ರ ಕಳಿಸಿಕೊಟ್ಟರು. ಅಂದಿನಿಂದ ನಾನು ಜುಟ್ಟು ನೋಡಿದ ಮೇಲೆ ತಪ್ಪದೆ ಕೋಳಿಯನ್ನು ತಿರುಗಿಸಿ ಸೊಂಟ ನೋಡುತ್ತೇನೆ. ಅಂದು ಆ ಹಕ್ಕಿಯ ಸೊಂಟವನ್ನು ನೋಡಿದ್ದರೆ ಸಾಕಿತ್ತು.

ಬೆನ್ನು ಮುಗಿದು ಬಾಲ ಆರಂಭವಾಗುವ ಮುಂಚಿನ ಇಳಿಜಾರನ್ನು ಇಲ್ಲಿ ಸೊಂಟ ಎಂದಿದ್ದೇನೆ. ಹುಂಜದಲ್ಲಿ ಈ ಭಾಗದ ಗರಿಗಳು ಉದ್ದವಾಗಿ, ಕಿರಿದಾಗಿ, ತುದಿಯಲ್ಲಿ ಭತ್ತದ ಎಲೆಯಂತೆ ಚೂಪಾಗಿ ಬಾಲದ ಎರಡೂ ಪಕ್ಕಕ್ಕೆ ಇಳಿಬೀಳುತ್ತವೆ. ಹೇಂಟೆಯಲ್ಲಿ ಅದೇ ಗರಿಗಳು ಗಿಡ್ಡವಾಗಿ, ಅಗಲವಾಗಿ, ತುದಿಯಲ್ಲಿ ಗುಂಡಗೆ ಇರುತ್ತವೆ. ಕುತ್ತಿಗೆಯ ಗರಿಗಳಲ್ಲೂ ಇದೇ ವ್ಯತ್ಯಾಸವಿದೆ, ಆದರೆ ಎಷ್ಟೋ ಹೇಂಟೆಗಳ ಕುತ್ತಿಗೆ ಗರಿಯೂ ಸ್ವಲ್ಪ ಮೊನಚಾಗಿರುವುದರಿಂದ ಸೊಂಟವೇ ಮೇಲು. ಅನುಮಾನವಿದ್ದರೆ ಒಂದು ಗರಿಯನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ಹುಂಜದ ಗರಿಯ ಅಂಚಿನ ಎಳೆಗಳಲ್ಲಿ ಪರಸ್ಪರ ಹೆಣೆದುಕೊಳ್ಳುವ ಸಣ್ಣ ಕವಲುಗಳಿರುವುದಿಲ್ಲ. ಆದ್ದರಿಂದ ಸುತ್ತಲೂ ರೇಷ್ಮೆ ಸೀರೆಯ ಕುಚ್ಚಿನಂತೆ ಬಿಡಿಬಿಡಿಯಾದ, ಹೊಳೆಯುವ ಅಂಚು ಕಾಣುತ್ತದೆ. ಹೇಂಟೆಯ ಗರಿ ಅಂಚಿನವರೆಗೂ ಒತ್ತಾಗಿ ಹೆಣೆದ ಚಾಪೆಯಂತಿರುತ್ತದೆ.

ಈ ಗುರುತಿನ ಮೇಲೆ ನಾನು ಇಷ್ಟು ಭರವಸೆ ಇಡಲು ಕಾರಣವಿದೆ. ಜುಟ್ಟು ಗಂಡು ಹಾರ್ಮೋನಿನ ಅಧೀನವಾದರೆ ಗರಿಯ ಆಕಾರ ಹೆಣ್ಣು ಹಾರ್ಮೋನಿನ ಅಧೀನ. ಕೇಳಲು ವಿಚಿತ್ರವೆನಿಸುತ್ತದೆ, ಆದರೆ ಹುಂಜದ ಆ ಝಗಮಗಿಸುವ ಗರಿಯೇ ಕೋಳಿಯ ಮೂಲ ಉಡುಪು. ಅಂಡಾಶಯದ ಹಾರ್ಮೋನು ಅದನ್ನು ತಡೆದು ಹೇಂಟೆಗೆ ಗುಂಡು ತುದಿಯ, ಮಾಸಲು ಗರಿ ಕೊಡುತ್ತದೆ. ಬೀಜ ತೆಗೆಸಿದ ಹುಂಜದ ಜುಟ್ಟು ಕುಗ್ಗಿದರೂ ಗರಿ ಹುಂಜದ್ದೇ ಆಗಿ ಉಳಿಯುವುದು ಇದಕ್ಕೇ. ಹೇಂಟೆಯಲ್ಲಿ ಕೆಲಸ ಮಾಡುವುದು ಎಡಗಡೆಯ ಒಂದೇ ಅಂಡಾಶಯ. ವಯಸ್ಸಿನಿಂದಲೋ ರೋಗದಿಂದಲೋ ಅದು ಕೆಟ್ಟರೆ, ಮುಂದಿನ ಗರಿ ಉದುರುವಿಕೆಯ ನಂತರ ಆ ಹೇಂಟೆ ಹುಂಜದ ಗರಿ ಹೊದ್ದು, ಕೆಲವೊಮ್ಮೆ ಕೂಗಲೂ ತೊಡಗುತ್ತದೆ. ಹೇಂಟೆ ಕೂಗಿದರೆ ಮನೆಗೆ ಕೇಡು ಎಂದು ನಮ್ಮ ಹಿರಿಯರು ಕೂಡಲೇ ಅದರ ಕುತ್ತಿಗೆ ಮುರಿಯುತ್ತಿದ್ದರು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ 1474ರಲ್ಲಿ ಮೊಟ್ಟೆಯಿಟ್ಟಿತೆಂಬ ಅಪರಾಧಕ್ಕೆ ಒಂದು ‘ಹುಂಜ’ವನ್ನು ವಿಚಾರಣೆ ನಡೆಸಿ ಸುಟ್ಟರು. ಅದೂ ಇಂಥದೇ ಒಂದು ಬಡಪಾಯಿ ಹೇಂಟೆಯಾಗಿತ್ತೆಂದು ನನ್ನ ಊಹೆ.

ಈ ಗುರುತಿಗಿರುವ ಒಂದೇ ತೊಡಕು ಕಾಯಬೇಕಾಗುವುದು. ಮರಿಯ ಮೊದಲ ಗರಿಗಳು ಎರಡೂ ಲಿಂಗದಲ್ಲಿ ಗುಂಡಗೇ ಇರುತ್ತವೆ. ಹತ್ತನೆಯ ವಾರದ ಆಚೀಚೆ ಅವು ಉದುರುತ್ತಾ ಹೊಸ ಗರಿ ಬರತೊಡಗುತ್ತದೆ. ಗಿರಿರಾಜದಲ್ಲಿ ಸಾಮಾನ್ಯವಾಗಿ ಹನ್ನೆರಡನೆಯ ವಾರದ ಹೊತ್ತಿಗೆ ಸೊಂಟದ ಹಳೆ ಗರಿಗಳ ನಡುವೆ ಎರಡು ಮೂರು ಚೂಪು, ಹೊಳಪಿನ ಎಳೆಗಳು ಇಣುಕಿದರೆ ಅಲ್ಲಿಗೆ ತೀರ್ಮಾನವಾಯಿತು, ಅದು ಹುಂಜ. ನಾಟಿಯಲ್ಲಿ ಇದು ಹದಿನಾಲ್ಕು, ಹದಿನಾರು ವಾರಗಳವರೆಗೆ ಎಳೆಯಬಹುದು. ಆದ್ದರಿಂದ ಇಂದು ಸೊಂಟದಲ್ಲಿ ಚೂಪು ಗರಿ ಕಂಡರೆ ನಂಬಿ, ಕಾಣದಿದ್ದರೆ ಹೇಂಟೆಯೆಂದು ಅವಸರಪಡಬೇಡಿ.

ಬಣ್ಣವೂ ಸ್ವಲ್ಪ ನೆರವಾಗುತ್ತದೆ. ಕಾಡುಕೋಳಿಯ ಬಣ್ಣ ಉಳಿಸಿಕೊಂಡಿರುವ ಕಂದು ನಾಟಿಯಲ್ಲಿ ಎರಡು ತಿಂಗಳ ಸುಮಾರಿಗೆ ಎದೆಯಲ್ಲಿ ಕಪ್ಪು ಗರಿಗಳು ಹುಟ್ಟಿಕೊಂಡರೆ ಹುಂಜ, ಎದೆ ಒಂದೇ ತೆರನಾದ ತಿಳಿಗಂದಾಗಿದ್ದರೆ ಹೇಂಟೆ. ಬಿಳಿ, ಬೂದು ಅಥವಾ ಚುಕ್ಕಿ ಮೈಯ ಕೋಳಿಯ ರೆಕ್ಕೆಯ ಹೆಗಲಿನಲ್ಲಿ ಯಾರೋ ಕುಂಕುಮ ಚೆಲ್ಲಿದಂತೆ ಅಡ್ಡಾದಿಡ್ಡಿಯಾಗಿ ಕೆಂಪು ತೇಪೆಗಳು ಮೂಡುವುದು ಬಹುಮಟ್ಟಿಗೆ ಹುಂಜದ ಲಕ್ಷಣ. ಬಗೆಬಗೆಯ ಬಣ್ಣದ ಗಿರಿರಾಜದಲ್ಲಿ ನೀವು ಇದನ್ನು ಈಗಲೇ ನೋಡಬಹುದು. ನಾಟಿ ಎಂಬ ಒಂದೇ ಮಾತಿನಲ್ಲಿ ಹತ್ತಾರು ರಕ್ತ ಬೆರೆತಿರುವುದರಿಂದ ಅಪವಾದಗಳನ್ನೂ ಹೇಳಿಬಿಡಬೇಕು. ಕಾಳಗದ ತಳಿಯಾದ ಅಸೀಲ್‌ನ ರಕ್ತವಿದ್ದರೆ ಹುಂಜಕ್ಕೂ ಜುಟ್ಟು ಬಟಾಣಿಯಷ್ಟು ಗಿಡ್ಡ, ಹೇಂಟೆಗೂ ನಿಲುವು ಹುಂಜದಂತೆ ನೆಟ್ಟಗೆ, ಕಾಲು ದಪ್ಪ, ಕೆಲವಕ್ಕೆ ಕಾಲುಮುಳ್ಳೂ ಇರುತ್ತದೆ. ನನಗೆ ಮೋಸ ಮಾಡಿದ್ದೂ ಅಂಥ ಬೆರಕೆಯೇ ಇರಬೇಕು. ಕಡಕ್‌ನಾಥ್‌ನಲ್ಲಿ ಜುಟ್ಟೇ ಕಪ್ಪಾದ್ದರಿಂದ ಕೆಂಪು ಹುಡುಕುವುದು ವ್ಯರ್ಥ, ಗಾತ್ರ ಮಾತ್ರ ನೋಡಬೇಕು. ಬೋಳು ಕುತ್ತಿಗೆಯ ಕೋಳಿಯಲ್ಲಿ ಕುತ್ತಿಗೆ ಗರಿಯ ಪ್ರಶ್ನೆಯೇ ಇಲ್ಲ, ನೇರವಾಗಿ ಸೊಂಟಕ್ಕೆ ಹೋಗಿ.

ಕೂಗಿನ ಬಗ್ಗೆ ಒಂದು ಮಾತು. ಎಳೆ ಹುಂಜಗಳು ಎಂಟು ಹತ್ತು ವಾರದಿಂದಲೇ ಗಂಟಲು ಕಟ್ಟಿದಂಥ ಒಡಕು ದನಿಯಲ್ಲಿ ಅಭ್ಯಾಸ ಶುರು ಮಾಡುತ್ತವೆ. ಕೆಲವು ಐದು ತಿಂಗಳಾದರೂ ಬಾಯಿ ಬಿಡುವುದಿಲ್ಲ. ಕೂಗಿದ್ದು ಹುಂಜ ಎನ್ನಬಹುದು, ಕೂಗದ್ದು ಹೇಂಟೆ ಎನ್ನಲಾಗದು. ಗುಂಪಿನಲ್ಲಿ ಹಿರಿಯ ಹುಂಜವಿದ್ದರೆ ಕಿರಿಯವು ಅದರ ಮರ್ಜಿ ಕಾಯುತ್ತವೆ. ಮುಂಜಾನೆ ಮೊದಲು ಕೂಗುವುದು ಗುಂಪಿನ ದೊಡ್ಡ ಹುಂಜ, ಉಳಿದವು ತಮ್ಮ ತಮ್ಮ ಅಂತಸ್ತಿನ ಸರದಿಯಂತೆ ಕೂಗುತ್ತವೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ್ದರು. ಪರಸ್ಪರ ಎದೆಯುಬ್ಬಿಸಿ ಕುತ್ತಿಗೆ ಗರಿ ನಿಮಿರಿಸುವ ಜಗಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಮರಿ ವಯಸ್ಸಿನಲ್ಲಿ ಹೇಂಟೆಗಳೂ ಅದನ್ನು ಧಾರಾಳವಾಗಿ ಮಾಡುತ್ತವೆ.

ಹೇಂಟೆಯನ್ನು ಹೇಂಟೆಯೆಂದೇ ಗುರುತಿಸುವ ಲಕ್ಷಣಗಳು ತಡವಾಗಿ ಬರುತ್ತವೆ. ಮೊಟ್ಟೆಗೆ ಎರಡು ಮೂರು ವಾರ ಇರುವಾಗ ಬೆನ್ನ ಮೇಲೆ ಕೈಯಿಟ್ಟರೆ ರೆಕ್ಕೆ ತುಸು ಅಗಲಿಸಿ ನೆಲಕ್ಕೆ ಕುಕ್ಕರಿಸುತ್ತದೆ. ಗುದದ್ವಾರದ ಎರಡು ಪಕ್ಕದಲ್ಲಿ ಕೈಗೆ ಸಿಗುವ ತೆಳು ಎಲುಬುಗಳ ನಡುವೆ ಮೊದಲು ಒಂದು ಬೆರಳೂ ಹೋಗದಿದ್ದುದು ಈಗ ಎರಡು ಬೆರಳು ಹಿಡಿಸುತ್ತದೆ. ಮೂಲೆ ಮೂಲೆ ಹುಡುಕುತ್ತಾ, ಹುಲ್ಲು ಕೆದಕುತ್ತಾ ಗೊಣಗಾಡುತ್ತದೆ. ನಿಮ್ಮವಕ್ಕೆ ಇದಕ್ಕೆಲ್ಲ ಇನ್ನೂ ಮೂರು ತಿಂಗಳಾದರೂ ಬೇಕು. ನಾಟಿಗೆ ಇನ್ನೂ ಹೆಚ್ಚು.

ಈಗ ಮಾಡಬೇಕಾದದ್ದು ಇಷ್ಟು. ಕತ್ತಲಾದ ಮೇಲೆ ಕೋಳಿಗಳು ಗೂಡಿನ ಕಂಬಿಯೇರಿ ಕುಳಿತಾಗ ಒಂದೊಂದನ್ನಾಗಿ ಎತ್ತಿಕೊಳ್ಳಿ. ಹಗಲಲ್ಲಿ ಅಟ್ಟಾಡಿಸಿದರೆ ಹೆದರಿ ಗರಿ ಉದುರಿಸಿಕೊಳ್ಳುತ್ತವೆ, ಜುಟ್ಟಿನ ಬಣ್ಣವೂ ಏರುಪೇರಾಗುತ್ತದೆ. ಎಡಗಂಕುಳಲ್ಲಿ ತಲೆ ಹಿಂದಕ್ಕೆ ಬರುವಂತೆ ಹಿಡಿದುಕೊಂಡರೆ ಸೊಂಟ ನಿಮ್ಮ ಕಣ್ಣೆದುರಿಗೇ ಬರುತ್ತದೆ. ಪ್ರತಿಯೊಂದರ ಕಾಲಿಗೂ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ಬಳೆ ಹಾಕಿ, ಕಿರುಬೆರಳು ತೂರುವಷ್ಟು ಸಡಿಲವಿರಲಿ, ಬೆಳೆದಂತೆ ಬದಲಿಸಿ. ಜುಟ್ಟು, ಹೆಗಲ ಬಣ್ಣ, ಸೊಂಟದ ಗರಿ, ತೂಕ ಇಷ್ಟನ್ನು ಒಂದು ಹಳೆಯ ನೋಟುಬುಕ್ಕಿನಲ್ಲಿ ಬರೆದು, ಎರಡು ವಾರಕ್ಕೊಮ್ಮೆ ಮತ್ತೆ ನೋಡಿ. ಒಂದೇ ಗುಂಪಿನಲ್ಲಿ ಮೂರು ಗುರುತುಗಳು ಒಂದೇ ಕಡೆಗೆ ಬೆರಳು ತೋರಿದ ಕೋಳಿಯನ್ನು ಧೈರ್ಯವಾಗಿ ಮಾರಿ. ಹೊಸತೊಡಕಿನ ಬೆಲೆಯ ಆಸೆಯಿದ್ದರೆ ಸಂತೆಯ ಮೂರನ್ನೂ, ಗಿರಿರಾಜದಲ್ಲಿ ಚೂಪು ಗರಿ ಕಂಡವನ್ನೂ ಕೊಡಿ, ನಾಟಿಯ ಐದನ್ನು ಮಾತ್ರ ಇನ್ನೊಂದೂವರೆ ತಿಂಗಳು ಮುಟ್ಟಬೇಡಿ. ಗರಿಯ ಡಿಎನ್‌ಎ ಪರೀಕ್ಷೆಯಿಂದಲೂ ಲಿಂಗ ತಿಳಿಯಬಹುದು, ಆದರೆ ಅದರ ಖರ್ಚಿಗೆ ಇನ್ನೊಂದು ಕೋಳಿಯೇ ಬಂದೀತು.

ಹುಂಜಗಳನ್ನೆಲ್ಲ ಮಾರಬೇಕೇ ಬೇಡವೇ ಎಂಬುದು ನಿಮ್ಮ ಉದ್ದೇಶದ ಮೇಲೆ ನಿಂತಿದೆ. ಬರಿಯ ಮೊಟ್ಟೆಗಾದರೆ ಹುಂಜವೇ ಬೇಕಿಲ್ಲ, ಹೇಂಟೆ ತಾನಾಗಿಯೇ ಮೊಟ್ಟೆ ಇಡುತ್ತದೆ. ಕಾವಿಗೆ ಕೂರಿಸುವುದಿದ್ದರೆ ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಎರಡಾದರೆ ಹೇಂಟೆಗಳ ಬೆನ್ನು ಬೋಳಾಗುತ್ತದೆ. ನಿಮ್ಮ ಕಾವುಕೋಳಿಯ ಮರಿಗಳಲ್ಲಿ ಹುಂಜವನ್ನು ಉಳಿಸಿಕೊಳ್ಳದೆ ಬೇರೆ ಮನೆಯ ನಾಟಿ ಹುಂಜದೊಂದಿಗೆ ಅದಲುಬದಲು ಮಾಡಿಕೊಳ್ಳಿ, ರಕ್ತ ಬೇರೆಯಾಗುತ್ತದೆ. ಇನ್ನೊಂದು ಎಚ್ಚರ. ಬೇಗ ಮೊಟ್ಟೆ ಬರಲೆಂದು ಕೆಲವರು ಈ ವಯಸ್ಸಿನಿಂದಲೇ ಲೇಯರ್ ಮ್ಯಾಶ್, ಅಂದರೆ ಮೊಟ್ಟೆ ಇಡುವ ಕೋಳಿಗಳ ಹಿಟ್ಟಿನ ಆಹಾರ, ಹಾಕುತ್ತಾರೆ. ಅದರಲ್ಲಿ ಸುಣ್ಣದಂಶ ನೂರಕ್ಕೆ ಮೂರೂವರೆಗಿಂತ ಹೆಚ್ಚಿರುತ್ತದೆ, ಬೆಳೆಯುವ ಕೋಳಿಗೆ ಬೇಕಾದದ್ದು ಒಂದರ ಆಸುಪಾಸು. ಮಿಕ್ಕ ಸುಣ್ಣ ಮೂತ್ರಪಿಂಡಕ್ಕೆ ಕೂರುತ್ತದೆ, ಹುಂಜವಾಗಲಿ ಹೇಂಟೆಯಾಗಲಿ. ಮೊದಲ ಮೊಟ್ಟೆ ಕಾಣುವವರೆಗೂ ಬೆಳೆಯುವ ಕೋಳಿಗಳ ಗ್ರೋವರ್ ಆಹಾರ, ಒಡೆದ ಜೋಳ, ರಾಗಿ ಮತ್ತು ಹಿತ್ತಲಿನ ಹುಳುಹುಪ್ಪಟೆಯೇ ಇರಲಿ. ಚಿಪ್ಪಿಗೆ ಬೇಕಾದ ಕಪ್ಪೆಚಿಪ್ಪಿನ ಪುಡಿಯನ್ನು ಆಮೇಲೆ ಬೇರೆ ಬಟ್ಟಲಿನಲ್ಲಿಟ್ಟರೆ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ.